ಹುಟ್ಟಿದ್ದಕ್ಕೆ ಸಾಕ್ಷಿ ಏನು?

ಕನ್ನಡ ನಾಡಿನಲ್ಲಿ ಜೂನ್ ತಿಂಗಳ ಮೊದಲನೆಯ ದಿನ ಹುಟ್ಟಿದಷ್ಟು ಜನ ಮತ್ತಾವ ದಿನವೂ ಹುಟ್ಟಿರಲಾರರು. ಸರಕಾರಿ ಕಚೇರಿಯ ಸೇವಾ ಪುಸ್ತಕಗಳನ್ನು ತಿರುವಿ ನೋಡಿದರೂ ಸರಿ, ಬ್ಯಾಂಕಿನ ಹಿರಿಯ ನೌಕರರ ಪಟ್ಟಿಯನ್ನು ನೋಡಿದರೂ ಸರಿ, ಹಲವರ ಹೆಸರಿನ ಮುಂದೆ ಜೂನ್ 1 ಎಂಬ ಅದೇ ತಾರೀಖು ಕಣ್ಣಿಗೆ ಬೀಳುತ್ತದೆ. ವರ್ಷ ಮಾತ್ರ ಬೇರೆ ಬೇರೆ. ತಿಂಗಳ ಮೊದಲನೆಯ ದಿನ ಹುಟ್ಟಿದವನು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತನಾಗಬೇಕೆಂಬುದು ಸರಕಾರಿ ಸೇವೆಯ ನಿಯಮ. ಆದ್ದರಿಂದ ಪ್ರತಿವರ್ಷ ಮೇ 31 ಬಂತೆಂದರೆ ಕಚೇರಿ ಕಚೇರಿಗಳಲ್ಲಿ ಬೀಳ್ಕೊಡುಗೆಯ ಸುಗ್ಗಿ. ಹೂವಿನ ಹಾರದ ಅಂಗಡಿಯವರಿಗೆ ಒಳ್ಳೆಯ ವ್ಯಾಪಾರ. ನೌಕರರನ್ನೇ ಹುಟ್ಟಿಸುವ ವಿಶೇಷ ಗ್ರಹಯೋಗವೇನಾದರೂ ಆ ದಿನಕ್ಕೆ ಉಂಟೆ ಎಂದು ಜೋಯಿಸರನ್ನು ಕೇಳಬೇಕಾಗಿಲ್ಲ. ಇದರ ರಹಸ್ಯವು ಹಳ್ಳಿಯ ಪ್ರಾಥಮಿಕ ಶಾಲೆಯ ದಾಖಲಾತಿ ಪುಸ್ತಕದಲ್ಲಿದೆ.

ಬೇಸಗೆಯ ರಜೆ ಕಳೆದು ಶಾಲೆ ತೆರೆಯುವ ಹೊತ್ತಿಗೆ ತಂದೆಯೋ ಅಜ್ಜನೋ ಮಗುವಿನ ಕೈ ಹಿಡಿದು ಮೇಷ್ಟರ ಮುಂದೆ ನಿಲ್ಲುತ್ತಿದ್ದರು.

"ಹುಡುಗನಿಗೆ ವಯಸ್ಸೆಷ್ಟು?"

"ಯುಗಾದಿ ಕಳೆದ ಮೇಲೆ ಹುಟ್ಟಿದ್ದು ಸ್ವಾಮಿ. ದೊಡ್ಡ ಮಳೆ ಬಂದು ಕೆರೆ ಒಡೆಯಿತಲ್ಲ, ಆ ವರ್ಷ."

ಕೆರೆ ಒಡೆದ ವರ್ಷಕ್ಕೂ ಇಂಗ್ಲಿಷ್ ತಾರೀಖಿಗೂ ನಂಟು ಕಲ್ಪಿಸುವ ಗೋಜಿಗೆ ಮೇಷ್ಟರು ಹೋಗುತ್ತಿರಲಿಲ್ಲ. ಹುಡುಗನ ಬಲಗೈಯನ್ನು ತಲೆಯ ಮೇಲಿನಿಂದ ಬಳಸಿ ಎಡಗಿವಿಯನ್ನು ಮುಟ್ಟಿಸುತ್ತಿದ್ದರು. ಕಿವಿ ಸಿಕ್ಕಿತೆ? ಹಾಗಾದರೆ ಒಂದನೆಯ ತರಗತಿಗೆ ಯೋಗ್ಯ. ಶಾಲೆಗೆ ಸೇರಲು ಬೇಕಾದ ವಯಸ್ಸಿನಷ್ಟು ವರ್ಷ ಹಿಂದಕ್ಕೆ ಎಣಿಸಿ, ಜೂನ್ 1 ಎಂದು ಬರೆದರೆ ಮುಗಿಯಿತು. ಮಗುವಿಗೆ ಮೇಷ್ಟರು ಅಕ್ಷರಕ್ಕೆ ಮೊದಲು ಜನ್ಮದಿನವನ್ನೇ ದಾನ ಮಾಡಿದಂತಾಯಿತು.

ಇದರಲ್ಲಿ ಮೇಷ್ಟರ ತಪ್ಪೇನೂ ಇಲ್ಲ. ಅವರು ಹಾಗೆ ಬರೆಯದಿದ್ದರೆ ಎಷ್ಟೋ ಮಕ್ಕಳು ಶಾಲೆಯ ಹೊಸ್ತಿಲನ್ನು ದಾಟುತ್ತಲೇ ಇರಲಿಲ್ಲ. ಆದರೆ ಆ ಒಂದು ಊಹೆಯು ಶಾಲೆಯ ಪುಸ್ತಕದಿಂದ ವರ್ಗಾವಣೆ ಪತ್ರಕ್ಕೆ, ಅಲ್ಲಿಂದ ಎಸ್.ಎಸ್.ಎಲ್.ಸಿ. ಅಂಕಪಟ್ಟಿಗೆ, ಅಲ್ಲಿಂದ ನೌಕರಿಯ ಪುಸ್ತಕಕ್ಕೆ, ಆಧಾರ್ ಕಾರ್ಡಿಗೆ, ಪಾಸ್‌ಪೋರ್ಟಿಗೆ ಹರಿದುಬಂದು ಸತ್ಯದ ವೇಷವನ್ನು ಧರಿಸಿ ಕುಳಿತಿದೆ. ಈ ಎಲ್ಲ ಕಾಗದಗಳಿಗೂ ಮೂಲವಾಗಿರಬೇಕಾಗಿದ್ದ ಒಂದು ಕಾಗದ ಮಾತ್ರ ಎಷ್ಟೋ ಮನೆಗಳಲ್ಲಿ ಇಲ್ಲ. ಅದೇ ಜನನ ಪ್ರಮಾಣಪತ್ರ. ಮಕ್ಕಳ ಪ್ರಮಾಣಪತ್ರವನ್ನು ಜೋಪಾನವಾಗಿ ಕಾದಿಟ್ಟ ತಂದೆತಾಯಿಗಳಿಗೆ, ತಮ್ಮ ಹುಟ್ಟಿನ ದಾಖಲೆ ಎಲ್ಲಿದೆ ಎಂದು ಕೇಳಿದರೆ ಉತ್ತರ ತಿಳಿಯದು.

ಪಟೇಲರ ಪುಸ್ತಕದಿಂದ ಕಾಯಿದೆಯವರೆಗೆ

ಹುಟ್ಟು ಸಾವುಗಳನ್ನು ಬರೆದಿಡುವ ಪದ್ಧತಿ ಇಂದಿನದಲ್ಲ. ಇಂಗ್ಲೆಂಡಿನ ಚರ್ಚುಗಳಲ್ಲಿ ಶಿಶುಗಳ ದೀಕ್ಷಾಸ್ನಾನ, ಮದುವೆ ಮತ್ತು ಸಮಾಧಿಗಳನ್ನು ಪುಸ್ತಕದಲ್ಲಿ ಬರೆಯಬೇಕೆಂಬ ಆಜ್ಞೆ 1538ರಲ್ಲಿಯೇ ಹೊರಟಿತು. ಮತಾಚಾರದಿಂದ ಬೇರೆಯಾದ ಸರಕಾರಿ ನೋಂದಣಿಯು ಅಲ್ಲಿ ಆರಂಭವಾದದ್ದು 1837ರಲ್ಲಿ. ಭಾರತದಲ್ಲಿ ಬ್ರಿಟಿಷರು 1886ರಲ್ಲಿ ಒಂದು ಕಾಯಿದೆಯನ್ನು ಮಾಡಿದರಾದರೂ, ಅದರಂತೆ ನೋಂದಾಯಿಸುವುದು ಬಿಡುವುದು ಜನರ ಇಚ್ಛೆಗೆ ಸೇರಿತ್ತು. ಮೈಸೂರು ಸೀಮೆಯಲ್ಲಿ ಗ್ರಾಮದ ಪಟೇಲನು ಜನನ ಮರಣಗಳ ಪುಸ್ತಕವನ್ನು ಇಟ್ಟಿರುತ್ತಿದ್ದನು. ಅವನ ಶ್ರದ್ಧೆ ಎಷ್ಟೋ ಪುಸ್ತಕವೂ ಅಷ್ಟೇ. ವಂಶಪಾರಂಪರ್ಯದ ಪಟೇಲಿಕೆ, ಶಾನುಭೋಗಿಕೆಗಳು 1963ರಲ್ಲಿ ರದ್ದಾದ ಮೇಲೆ ಆ ಹೊಣೆಯು ಗ್ರಾಮ ಲೆಕ್ಕಿಗರ ಹೆಗಲಿಗೆ ಬಂದಿತು. ಗ್ರಾಮ ಆಡಳಿತ ಅಧಿಕಾರಿ ಎಂಬುದು ಅದೇ ಹುದ್ದೆಯ ಈಗಿನ ಹೆಸರು.

ದೇಶಕ್ಕೆಲ್ಲ ಒಂದೇ ಆದ, ಎಲ್ಲರಿಗೂ ಕಡ್ಡಾಯವಾದ ಕಾನೂನು ಬಂದದ್ದು 1969ರಲ್ಲಿ. 'ಜನನ ಮತ್ತು ಮರಣಗಳ ನೋಂದಣಿ ಅಧಿನಿಯಮ' ಎಂಬ ಈ ಕಾಯಿದೆಯು 1970ರ ಏಪ್ರಿಲ್ 1ರಿಂದ ದೇಶದ ಹೆಚ್ಚಿನ ಭಾಗಗಳಲ್ಲಿ ಜಾರಿಗೆ ಬಂದಿತು. ಇದರ ಮುಖ್ಯ ಸೂತ್ರಗಳು ಸರಳವಾಗಿವೆ. ಮಗು ಎಲ್ಲಿ ಹುಟ್ಟಿತೋ ಆ ಊರಿನ ನೋಂದಣಾಧಿಕಾರಿಯ ಪುಸ್ತಕದಲ್ಲಿಯೇ ಅದರ ಹುಟ್ಟು ದಾಖಲಾಗಬೇಕು. ಆಸ್ಪತ್ರೆಯಲ್ಲಿ ಹುಟ್ಟಿದರೆ ಆಸ್ಪತ್ರೆಯವರು ತಿಳಿಸಬೇಕು. ಮನೆಯಲ್ಲಿ ಹುಟ್ಟಿದರೆ ಮನೆಯ ಯಜಮಾನನು ತಿಳಿಸಬೇಕು. 21 ದಿನಗಳೊಳಗೆ ತಿಳಿಸಿದರೆ ಯಾವ ಶುಲ್ಕವೂ ಇಲ್ಲ. 30 ದಿನಗಳವರೆಗೆ ಅಲ್ಪ ದಂಡ. ಅಲ್ಲಿಂದ ಒಂದು ವರ್ಷದವರೆಗೆ ಮೇಲಧಿಕಾರಿಯ ಲಿಖಿತ ಅನುಮತಿ ಬೇಕು. ವರ್ಷ ದಾಟಿತೋ, ದಂಡಾಧಿಕಾರಿಯ ಆಜ್ಞೆಯಿಲ್ಲದೆ ಪುಸ್ತಕದ ಹಾಳೆ ತೆರೆಯದು.

ಮೊದಲ ಮೂರು ವಾರಗಳಲ್ಲಿ ಒಂದು ಮಾತಿನಿಂದ ಆಗುವ ಕೆಲಸಕ್ಕೆ ಮೂವತ್ತು ವರ್ಷಗಳ ಅನಂತರ ಒಂದು ಕಡತವೇ ಬೇಕಾಗುತ್ತದೆ. ದುಡಿಯುವ ವಯಸ್ಸಿನವರ ಕಷ್ಟವೆಲ್ಲ ಇರುವುದು ಇಲ್ಲಿಯೇ. ತನ್ನ ಹುಟ್ಟನ್ನು ತಾನೇ ಬರೆಯಿಸಿಕೊಳ್ಳುವ ಶಕ್ತಿ ಯಾವ ಶಿಶುವಿಗೂ ಇಲ್ಲ. ಹಿರಿಯರು ಮರೆತದ್ದನ್ನು ಅವನು ಹಿರಿಯನಾದ ಮೇಲೆ ತೀರಿಸಬೇಕಾಗುತ್ತದೆ.

ಏಕೆ ಬರೆಯಿಸಲಿಲ್ಲ?

ಹಿರಿಯರನ್ನು ದೂರುವುದು ಸುಲಭ. ಆದರೆ ಅದು ನ್ಯಾಯವಲ್ಲ. 1992-93ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ನಾಲ್ಕು ಹೆರಿಗೆಗಳಲ್ಲಿ ಒಂದು ಮಾತ್ರ ಆಸ್ಪತ್ರೆಗಳಲ್ಲಿ ಆಗುತ್ತಿತ್ತು. ಉಳಿದವು ಮನೆಯ ಕೋಣೆಯಲ್ಲಿ, ಸೂಲಗಿತ್ತಿಯ ಕೈಯಲ್ಲಿ. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಸುಸೂತ್ರವಾಗಿ ಮಾಡಿಸಿದವರೆಂದು ಪ್ರಸಿದ್ಧರು. 2018ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಬಂದಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಅಂಥ ತಾಯಿಯ ಕೈಗೆ ಬಿದ್ದ ಮಗು ಬದುಕಿತು, ಬಾಣಂತಿ ಬದುಕಿದಳು; ಮನೆಯವರಿಗೆ ಅದೇ ದೊಡ್ಡ ಭಾಗ್ಯ. ಆ ಸಂತೋಷದ ನಡುವೆ ಗ್ರಾಮ ಲೆಕ್ಕಿಗನನ್ನು ಹುಡುಕಿಕೊಂಡು ಹೋಗಿ ಬರೆಯಿಸಬೇಕೆಂಬ ನೆನಪು ಯಾರಿಗೆ ಬಂದೀತು? ಹೋದರೂ ಅವನು ಆ ದಿನ ಯಾವ ಊರಿನಲ್ಲಿದ್ದಾನೆ ಎಂಬುದು ತಿಳಿಯಬೇಕಲ್ಲ!

ಇನ್ನೊಂದು ಕಾರಣವೂ ಉಂಟು. ಆ ಕಾಗದವಿಲ್ಲದೆ ಯಾರ ಬದುಕೂ ನಿಲ್ಲುತ್ತಿರಲಿಲ್ಲ. ಶಾಲೆಗೆ ಮೇಷ್ಟರ ಊಹೆ ಸಾಕಾಗಿತ್ತು. ನೌಕರಿಗೆ ಶಾಲೆಯ ಕಾಗದ ಸಾಕಾಗಿತ್ತು. ಮದುವೆಗೆ ಜಾತಕ ಸಾಕಾಗಿತ್ತು. 2009ರ ಶಿಕ್ಷಣ ಹಕ್ಕಿನ ಕಾಯಿದೆಯೂ ವಯಸ್ಸಿನ ದಾಖಲೆಯಿಲ್ಲವೆಂದು ಮಗುವಿಗೆ ಶಾಲೆಯ ಪ್ರವೇಶವನ್ನು ನಿರಾಕರಿಸಬಾರದೆಂದೇ ಹೇಳಿತು. ಮಕ್ಕಳ ಹಿತಕ್ಕಾಗಿ ಹಾಗೆ ಹೇಳಿದ್ದು ಯುಕ್ತವೇ ಸರಿ.

2005-06ರ ಸಮೀಕ್ಷೆಯಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 41 ಮಂದಿಯ ಹುಟ್ಟು ಮಾತ್ರ ನೋಂದಣಿಯಾಗಿತ್ತು. 2015-16ರಲ್ಲಿ ಅದು ನೂರಕ್ಕೆ 80ಕ್ಕೂ, 2019-21ರಲ್ಲಿ 89ಕ್ಕೂ ಏರಿತು. ಇದು ಹೆಮ್ಮೆ ಪಡಬೇಕಾದ ಏರಿಕೆ. ಆದರೆ ಈ ಅಂಕೆಗಳನ್ನು ಓದುವಾಗ ಒಂದು ಪ್ರಶ್ನೆಯನ್ನು ಕೇಳಿಕೊಳ್ಳಬೇಕು. 2005-06ರಲ್ಲಿ ಲೆಕ್ಕದಿಂದ ಹೊರಗುಳಿದ ಆ 59 ಮಕ್ಕಳು ಏನಾದರು? ಅವರು ಮಕ್ಕಳಾಗಿ ಉಳಿದಿಲ್ಲ. ಇಪ್ಪತ್ತರ ಆಚೀಚೆಯ ತರುಣ ತರುಣಿಯರಾಗಿ ಕಾಲೇಜು ಮುಗಿಸಿ ಕೆಲಸಕ್ಕೆ ಸೇರುತ್ತಿದ್ದಾರೆ. ಅವರಿಗಿಂತ ಮೊದಲು ಹುಟ್ಟಿದ ಅಣ್ಣಂದಿರು, ಅಕ್ಕಂದಿರು, ತಂದೆತಾಯಿಗಳ ಸ್ಥಿತಿಯು ಇದಕ್ಕಿಂತ ಉತ್ತಮವಾಗಿರಲು ಕಾರಣವಿಲ್ಲ. ಹೊಸ ಶಿಶುಗಳ ಲೆಕ್ಕ ಸರಿಹೋದ ಮಾತ್ರಕ್ಕೆ ಹಳೆಯ ಬಾಕಿ ತೀರುವುದಿಲ್ಲ.

ಕಾಗದ ಬೇಕಾಗುವ ಗಳಿಗೆ

ಇಷ್ಟು ವರ್ಷ ಇಲ್ಲದೆ ನಡೆದದ್ದು ಮುಂದೆಯೂ ನಡೆಯಲಾರದೆ ಎಂದು ಕೇಳುವವರುಂಟು. 2023ರಲ್ಲಿ ಸಂಸತ್ತು ಮೂಲ ಕಾಯಿದೆಗೆ ತಿದ್ದುಪಡಿ ಮಾಡಿತು. ಅದು ಆ ವರ್ಷದ ಅಕ್ಟೋಬರ್ 1ರಿಂದ ಜಾರಿಗೆ ಬಂದಿತು. ಆ ದಿನ ಮತ್ತು ಆಮೇಲೆ ಹುಟ್ಟಿದವರಿಗೆ ಶಾಲಾ ಪ್ರವೇಶ, ವಾಹನ ಚಾಲನೆಯ ಪರವಾನಗಿ, ಮತದಾರರ ಪಟ್ಟಿ, ವಿವಾಹ ನೋಂದಣಿ, ಸರಕಾರಿ ನೌಕರಿ, ಪಾಸ್‌ಪೋರ್ಟು, ಆಧಾರ್ ಮೊದಲಾದವುಗಳಿಗೆಲ್ಲ ಹುಟ್ಟಿದ ದಿನವನ್ನೂ ಸ್ಥಳವನ್ನೂ ಸಿದ್ಧಪಡಿಸುವ ದಾಖಲೆ ಜನನ ಪ್ರಮಾಣಪತ್ರವೊಂದೇ. ಅದಕ್ಕೆ ಮೊದಲು ಹುಟ್ಟಿದವರು ಶಾಲೆಯ ಪತ್ರ ಮುಂತಾದ ಬೇರೆ ದಾಖಲೆಗಳನ್ನು ತೋರಿಸಬಹುದು. ಆದ್ದರಿಂದ ಗಾಬರಿಗೆ ಕಾರಣವಿಲ್ಲ; ಆದರೆ ನಿಶ್ಚಿಂತೆಗೂ ಕಾರಣವಿಲ್ಲ.

ಆಧಾರ್ ಕಾರ್ಡು ಇದೆಯಲ್ಲ ಎಂಬುದು ಹಲವರ ಧೈರ್ಯ. ಆ ಕಾರ್ಡು ವ್ಯಕ್ತಿಯ ಗುರುತಿಗೆ ಸಾಕ್ಷಿಯೇ ಹೊರತು ಹುಟ್ಟಿದ ದಿನಕ್ಕೆ ಸಾಕ್ಷಿಯಲ್ಲ. ನೌಕರರ ಭವಿಷ್ಯನಿಧಿ ಸಂಸ್ಥೆಯು 2024ರ ಜನವರಿಯಲ್ಲಿ ಜನ್ಮದಿನಾಂಕಕ್ಕೆ ಒಪ್ಪುವ ದಾಖಲೆಗಳ ಪಟ್ಟಿಯಿಂದ ಆಧಾರನ್ನು ತೆಗೆದುಹಾಕಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಅಪಘಾತ ಪರಿಹಾರದ ಒಂದು ಮೊಕದ್ದಮೆಯಲ್ಲಿ, ಮೃತನ ವಯಸ್ಸನ್ನು ನಿರ್ಧರಿಸಲು ಆಧಾರ್ ಕಾರ್ಡಿನ ದಿನಾಂಕವನ್ನು ಆಧರಿಸಲಾಗದೆಂದು ಹೇಳಿ, ಶಾಲೆ ಬಿಟ್ಟ ಪ್ರಮಾಣಪತ್ರವನ್ನು ಮಾನ್ಯಮಾಡಿತು. ಹಾಗಾದರೆ ಶಾಲೆಯ ಪತ್ರವು ಅಚಲವೆ? ಅದೂ ಅಲ್ಲ. ಶಾಲೆಯ ಪುಸ್ತಕದಲ್ಲಿ ಬರೆದ ದಿನಾಂಕವನ್ನು ಯಾರು, ಯಾವ ಆಧಾರದ ಮೇಲೆ ಹೇಳಿ ಬರೆಯಿಸಿದರು ಎಂಬುದು ಸಿದ್ಧವಾಗದಿದ್ದರೆ ಅದಕ್ಕೆ ಬೆಲೆಯಿಲ್ಲವೆಂದು ಅದೇ ನ್ಯಾಯಾಲಯವು 1988ರಲ್ಲಿ ಒಂದು ಚುನಾವಣಾ ತಕರಾರಿನಲ್ಲಿ ತೀರ್ಪು ಕೊಟ್ಟಿದೆ. ಕಿವಿ ಮುಟ್ಟಿಸಿ ಬರೆದ ದಿನಾಂಕಕ್ಕೆ ಆಧಾರವನ್ನು ಎಲ್ಲಿಂದ ತರುವುದು?

ಸರಕಾರಿ ನೌಕರರ ಪಾಡು ಇನ್ನೂ ಬಿಗಿಯಾದುದು. ಕರ್ನಾಟಕದಲ್ಲಿ ರಾಜ್ಯ ನೌಕರರ ವಯಸ್ಸಿನ ನಿರ್ಣಯಕ್ಕಾಗಿಯೇ 1974ರ ಒಂದು ಕಾಯಿದೆ ಇದೆ. ಸೇವಾ ಪುಸ್ತಕದಲ್ಲಿ ಬರೆದ ಜನ್ಮದಿನಾಂಕವು ತಪ್ಪೆಂದು ಹೇಳುವವರು, ಅದು ದಾಖಲಾದ ಮೂರು ವರ್ಷಗಳೊಳಗೆ ಹೇಳಬೇಕು. ಆಮೇಲೆ ಎಷ್ಟು ಗಟ್ಟಿಯಾದ ಪುರಾವೆ ತಂದರೂ ಕಾಲ ಮಿಂಚಿತು ಎಂಬ ಉತ್ತರವೇ ಸಿಗುತ್ತದೆ. 2021ರಲ್ಲಿ ಕರ್ನಾಟಕದ ಒಂದು ನಿಗಮದ ನೌಕರರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನೇ ಎತ್ತಿ ಹಿಡಿಯಿತು. ಜನ್ಮದಿನಾಂಕದ ಬದಲಾವಣೆಯನ್ನು ಹಕ್ಕೆಂದು ಕೇಳುವಂತಿಲ್ಲ, ನಿವೃತ್ತಿ ಹತ್ತಿರವಾದಾಗ ಕೇಳುವುದಂತೂ ಸಲ್ಲದು ಎಂದಿತು. ಭೂಸೇನೆಯ ದಂಡನಾಯಕರಾಗಿದ್ದ ಜನರಲ್ ವಿ. ಕೆ. ಸಿಂಗ್ ಅವರ ಪ್ರಸಂಗವನ್ನು ಪತ್ರಿಕೆ ಓದುವವರೆಲ್ಲ ಬಲ್ಲರು. ಮೆಟ್ರಿಕ್ಯುಲೇಷನ್ ಪತ್ರದಲ್ಲಿ 1951 ಎಂದೂ, ಹದಿಹರೆಯದಲ್ಲಿ ತುಂಬಿದ ರಕ್ಷಣಾ ಅಕಾಡೆಮಿಯ ಅರ್ಜಿಯಲ್ಲಿ 1950 ಎಂದೂ ಇದ್ದ ಒಂದೇ ಒಂದು ವರ್ಷದ ಅಂತರವು 2012ರಲ್ಲಿ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಅವರು ಅರ್ಜಿಯನ್ನು ಹಿಂದಕ್ಕೆ ಪಡೆದರು. 1950ರ ಲೆಕ್ಕದಂತೆಯೇ ನಿವೃತ್ತರಾದರು. ಸೇನಾಧಿಪತಿಗೇ ಗೆಲ್ಲಲಾಗದ ಈ ಯುದ್ಧವನ್ನು ಸಾಮಾನ್ಯ ಗುಮಾಸ್ತನು ಗೆಲ್ಲುವುದುಂಟೆ?

ಪರದೇಶಕ್ಕೆ ಹೋದವರ ಅನುಭವ ಬೇರೊಂದು ಬಗೆಯದು. ಅಮೆರಿಕದಲ್ಲಿ ಕಾಯಂ ನೆಲಸಲು ಅರ್ಜಿ ಹಾಕುವ ಬೆಂಗಳೂರಿನ ಎಂಜಿನಿಯರನಿಗೆ ಅಲ್ಲಿಯವರು ಪದವಿಗಿಂತ ಮೊದಲು ಜನನ ಪ್ರಮಾಣಪತ್ರವನ್ನು ಕೇಳುತ್ತಾರೆ. ಅದಿಲ್ಲವಾದರೆ, ದಾಖಲೆ ದೊರೆಯಲಿಲ್ಲವೆಂದು ಹುಟ್ಟಿದೂರಿನ ನೋಂದಣಾಧಿಕಾರಿ ಕೊಟ್ಟ ಪತ್ರವೂ, ಶಾಲೆಯ ದಾಖಲೆ, ಹುಟ್ಟನ್ನು ಬಲ್ಲ ಹಿರಿಯರ ಪ್ರಮಾಣಪೂರ್ವಕ ಹೇಳಿಕೆ ಮುಂತಾದ ಬೇರೆ ಪುರಾವೆಗಳೂ ಬೇಕು. ಹುಟ್ಟಿ ಎಷ್ಟೋ ವರ್ಷಗಳಾದ ಮೇಲೆ ಬರೆಯಿಸಿದ ಪ್ರಮಾಣಪತ್ರವನ್ನು ಅವರು ಅನುಮಾನದಿಂದಲೇ ನೋಡುತ್ತಾರೆ. ಜೊತೆಗೆ ಹಳೆಯ ಪುರಾವೆಯನ್ನೂ ಬಯಸುತ್ತಾರೆ.

ಊರಿನಲ್ಲಿಯೇ ಇರುವವರಿಗೂ ಈ ಗಳಿಗೆ ಬಾರದಿರದು. ಕಟ್ಟಡ ಕಾರ್ಮಿಕರ ಕಲ್ಯಾಣ ನಿಧಿಗೆ ಸೇರಲು 18ರಿಂದ 60 ವರ್ಷದೊಳಗಿನವರೆಂದು ತೋರಿಸಬೇಕು. 2025ರಲ್ಲಿ ಬಿಹಾರದ ಮತದಾರರ ಪಟ್ಟಿಯನ್ನು ವಿಶೇಷವಾಗಿ ಪರಿಷ್ಕರಿಸಿದಾಗ ಚುನಾವಣಾ ಆಯೋಗವು ಹೆಸರಿಸಿದ 11 ದಾಖಲೆಗಳಲ್ಲಿ ಜನನ ಪ್ರಮಾಣಪತ್ರವೂ ಒಂದಾಗಿತ್ತು. ಪೌರತ್ವದ ಕಾನೂನಿನಲ್ಲಿ ಎಲ್ಲಿ ಹುಟ್ಟಿದ್ದು, ಯಾವಾಗ ಹುಟ್ಟಿದ್ದು ಎಂಬ ಎರಡು ಪ್ರಶ್ನೆಗಳಿಗೆ ಎಷ್ಟು ತೂಕವಿದೆ ಎಂಬುದು ಆಗ ಅನೇಕರಿಗೆ ಮನದಟ್ಟಾಯಿತು. ಶಾಲೆಗೇ ಹೋಗದವರ ಬಳಿ ಮೇಷ್ಟರ ಊಹೆಯೂ ಇರುವುದಿಲ್ಲ. ಹೊಲದಲ್ಲಿ, ಇಟ್ಟಿಗೆಯ ಗೂಡಿನಲ್ಲಿ, ಮನೆಗೆಲಸದಲ್ಲಿ ದುಡಿಯುವ ಹೆಂಗಸರಲ್ಲಿ ಅಂಥವರೇ ಹೆಚ್ಚು. ಈ ಕಾಗದವು ಅತ್ಯಂತ ಅಗತ್ಯವಾದದ್ದು ಅವರಿಗೇ, ಅತ್ಯಂತ ದೂರವಾದದ್ದೂ ಅವರಿಗೇ.

ಮೊದಲು ಹುಡುಕಬೇಕು

ನೋಂದಣಿಯೇ ಆಗಿಲ್ಲವೆಂದು ತೀರ್ಮಾನಿಸುವ ಮೊದಲು ಹುಡುಕಿ ನೋಡುವುದು ಅಗತ್ಯ. ಎಷ್ಟೋ ಜನ ತಪ್ಪು ಊರಿನಲ್ಲಿ ಹುಡುಕಿ ನಿರಾಶರಾಗುತ್ತಾರೆ. ಚೊಚ್ಚಲ ಹೆರಿಗೆಗೆ ಹೆಣ್ಣುಮಗಳು ತವರಿಗೆ ಹೋಗುವುದು ನಾಡಿನ ಪದ್ಧತಿ. ಕಾನೂನಿನಂತೆ ಜನನವು ದಾಖಲಾಗುವುದು ಹುಟ್ಟಿದ ಊರಿನಲ್ಲಿ. ತಂದೆಯ ಮನೆ ಇರುವ ಊರಿನಲ್ಲಿ ಅಲ್ಲ.

ಒಬ್ಬ ಗೃಹಸ್ಥನನ್ನು ಊಹಿಸಿಕೊಳ್ಳಬಹುದು. ಮೈಸೂರಿನ ಕಾರ್ಖಾನೆಯೊಂದರಲ್ಲಿ ಫಿಟ್ಟರ್, ನಾಲ್ವತ್ತು ದಾಟಿದ ವಯಸ್ಸು, ಬೆಳೆದದ್ದೆಲ್ಲ ಮೈಸೂರಿನಲ್ಲಿ. ಅವನು ಮೈಸೂರಿನ ನಗರಪಾಲಿಕೆಯ ಪುಸ್ತಕಗಳಲ್ಲಿ ತನ್ನ ಹೆಸರನ್ನು ಎಷ್ಟು ಹುಡುಕಿಸಿದರೂ ಅದು ಸಿಗಲಾರದು. ತಾಯಿಯ ತವರು ಅರಸೀಕೆರೆಯ ಬಳಿಯ ಹಳ್ಳಿ. ಅವನು ಹುಟ್ಟಿದ್ದು ಅಲ್ಲಿ. ಹಳ್ಳಿಯ ಹಳೆಯ ಪುಸ್ತಕಗಳು ಸಾಮಾನ್ಯವಾಗಿ ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯನ್ನು ಸೇರಿರುತ್ತವೆ. ತಾಯಿಯ ಹೆಸರು, ಅಜ್ಜನ ಹೆಸರು, ಹಳ್ಳಿಯ ಹೆಸರು, ಅಂದಾಜು ವರ್ಷ ಇಷ್ಟನ್ನು ಬರೆದು ಅಲ್ಲಿ ಹುಡುಕಿಸಬೇಕು. ಯಾರು ಬೇಕಾದರೂ ಶುಲ್ಕ ಕೊಟ್ಟು ನೋಂದಣಿ ಪುಸ್ತಕವನ್ನು ಹುಡುಕಿಸಿ ಜನನದ ದಾಖಲೆಯ ನಕಲನ್ನು ಕೇಳಬಹುದೆಂದು ಕಾಯಿದೆಯೇ ಹೇಳುತ್ತದೆ.

ಹುಡುಕಿದಾಗ ದಾಖಲೆ ಸಿಕ್ಕಿ, ಹೆಸರಿನ ಜಾಗ ಬರಿದಾಗಿರುವುದೂ ಉಂಟು. 'ಗಂಡು ಮಗು' ಎಂದಷ್ಟೇ ಬರೆದಿರುತ್ತದೆ. ನಾಮಕರಣಕ್ಕೆ ಮೊದಲೇ ಹುಟ್ಟನ್ನು ತಿಳಿಸಿ ಬಂದವರು, ಆಮೇಲೆ ಹೆಸರನ್ನು ಸೇರಿಸಲು ಹೋಗಲಿಲ್ಲ. ಇಂಥ ದಾಖಲೆಗೆ ಹೆಸರನ್ನು ಸೇರಿಸಲು ನಿಯಮದಲ್ಲಿ ದಾರಿ ಇದೆ. ಒಂದು ವರ್ಷದವರೆಗೆ ಶುಲ್ಕವಿಲ್ಲದೆ, ಹದಿನೈದು ವರ್ಷದವರೆಗೆ ತಡದ ಶುಲ್ಕದೊಡನೆ ಸೇರಿಸಬಹುದು. ಅವಧಿ ಮೀರಿದವರಿಗಾಗಿ ಕೆಲವು ರಾಜ್ಯಗಳು ಕಾಲಾವಕಾಶವನ್ನು ವಿಸ್ತರಿಸಿದ್ದೂ ಉಂಟು. ಹೆಸರು ತಪ್ಪಾಗಿದ್ದರೆ, ಅಕ್ಷರಗಳು ವ್ಯತ್ಯಾಸವಾಗಿದ್ದರೆ, ತಿದ್ದುವ ಅಧಿಕಾರವನ್ನು ಕಾಯಿದೆಯ 15ನೆಯ ವಿಧಿಯು ನೋಂದಣಾಧಿಕಾರಿಗೆ ಕೊಟ್ಟಿದೆ.

ದಾಖಲೆಯೇ ಇಲ್ಲದಿದ್ದರೆ

ಹುಡುಕಿಯೂ ಸಿಗದಿದ್ದರೆ, ದಾಖಲೆ ದೊರೆಯಲಿಲ್ಲವೆಂಬ ಪತ್ರವನ್ನು ಕಚೇರಿಯಿಂದ ಪಡೆಯಬೇಕು. ಮುಂದಿನ ಕೆಲಸಕ್ಕೆ ಅದೇ ಮೊದಲ ಮೆಟ್ಟಿಲು. 2023ರ ತಿದ್ದುಪಡಿಗೆ ಮೊದಲಿನ ಕಾಯಿದೆಯು ಇಂಥ ಅರ್ಜಿಯನ್ನು ಪ್ರಥಮ ದರ್ಜೆಯ ದಂಡಾಧಿಕಾರಿಯ ಮುಂದಿಡಬೇಕೆಂದು ವಿಧಿಸಿತ್ತು. ವಕೀಲರು, ವಾಯಿದೆಗಳು, ಪತ್ರಿಕೆಯಲ್ಲಿ ಪ್ರಕಟಣೆ ಎಂದು ದಿನಗಳು ಉರುಳುತ್ತಿದ್ದವು. ತಿದ್ದುಪಡಿಯ ಮೇಲೆ ಆ ಅಧಿಕಾರವು ಜಿಲ್ಲಾ ದಂಡಾಧಿಕಾರಿಗೆ, ಉಪವಿಭಾಗದ ದಂಡಾಧಿಕಾರಿಗೆ ಅಥವಾ ಜಿಲ್ಲಾ ದಂಡಾಧಿಕಾರಿಯು ನಿಯಮಿಸಿದ ಕಾರ್ಯನಿರ್ವಾಹಕ ದಂಡಾಧಿಕಾರಿಗೆ ಬಂದಿದೆ. ಕೋರ್ಟಿನ ಬಾಗಿಲಿನ ಬದಲು ಕಂದಾಯ ಅಧಿಕಾರಿಗಳ ಬಾಗಿಲು. ಅವರು ಜನನದ ನಿಜವನ್ನು ವಿಚಾರಿಸಿ ಆಜ್ಞೆ ಮಾಡಿದರೆ, ನೋಂದಣಾಧಿಕಾರಿಯು ಪುಸ್ತಕದಲ್ಲಿ ಬರೆದು ಪ್ರಮಾಣಪತ್ರವನ್ನು ಕೊಡುತ್ತಾನೆ.

ಶುಲ್ಕ ದೊಡ್ಡದೇನಲ್ಲ. ನಿಜವಾದ ಖರ್ಚು ಬೇರೆಯೇ. ಮೈಸೂರಿನ ಆ ಫಿಟ್ಟರನು ಅರಸೀಕೆರೆಗೆ ನಾಲ್ಕು ಸಲ ಹೋಗಿಬಂದರೆ ನಾಲ್ಕು ದಿನದ ಸಂಬಳ, ಬಸ್ಸಿನ ಖರ್ಚು, ಸಾಕ್ಷಿಗೆಂದು ಕರೆದೊಯ್ದ ಮುದಿ ಸೋದರಮಾವನ ಉಪಚಾರ ಎಲ್ಲವನ್ನೂ ಲೆಕ್ಕಕ್ಕೆ ಹಿಡಿಯಬೇಕು. ದೇವರು ವರ ಕೊಟ್ಟರೂ ಪೂಜಾರಿ ಬಿಡ ಎಂಬಂತೆ, ಕಾನೂನು ದಾರಿ ಕೊಟ್ಟರೂ 'ನಾಳೆ ಬನ್ನಿ' ಎಂಬ ಒಂದು ಮಾತು ಅದನ್ನು ಮುಚ್ಚಬಲ್ಲದು. ಆ ಬೇಸರದಲ್ಲಿಯೇ ಜನ ದಲ್ಲಾಳಿಗಳ ಕೈಗೆ ಬೀಳುತ್ತಾರೆ. ದಲ್ಲಾಳಿಯು ತಂದುಕೊಡುವ ಕಾಗದಕ್ಕೆ ಪುಸ್ತಕದಲ್ಲಿ ಮೂಲವಿಲ್ಲದಿದ್ದರೆ ಅದು ಕಾಗದವಲ್ಲ, ಅಪರಾಧ. ಪರಿಶೀಲನೆಯ ದಿನ ಸಿಕ್ಕಿಬೀಳುವವನು ದಲ್ಲಾಳಿಯಲ್ಲ, ಅರ್ಜಿದಾರ.

ನಿಜವೋ, ಹೊಂದಿಕೆಯೋ?

ಅರ್ಜಿಯಲ್ಲಿ ಯಾವ ದಿನಾಂಕವನ್ನು ಬರೆಯಬೇಕು? ಆ ಫಿಟ್ಟರನ ತಾಯಿಗೆ ತಾರೀಖು ತಿಳಿಯದು, ಆದರೆ, "ದೀಪಾವಳಿ ಕಳೆದಿತ್ತು. ನೀನು ಹುಟ್ಟಿದ ಮಾರನೆಯ ದಿನವೇ ಇಂದಿರಾ ಗಾಂಧಿ ಸತ್ತಳೆಂದು ರೇಡಿಯೋದಲ್ಲಿ ಹೇಳಿದರು" ಎಂಬುದು ಅವಳಿಗೆ ಸ್ಪಷ್ಟವಾಗಿ ನೆನಪಿದೆ. ಜಾತಕದಲ್ಲಿ ರಕ್ತಾಕ್ಷಿ ಸಂವತ್ಸರದ ಕಾರ್ತಿಕ ಮಾಸ ಎಂದಿದೆ. ಎರಡನ್ನೂ ಕೂಡಿಸಿದರೆ 1984ರ ಅಕ್ಟೋಬರ್ 30. ಶಾಲೆಯ ಕಾಗದದಲ್ಲಿರುವುದು 1984ರ ಜೂನ್ 1. ಮೇಷ್ಟರು ಅವನನ್ನು ಐದು ತಿಂಗಳು ಮೊದಲೇ ಹುಟ್ಟಿಸಿಬಿಟ್ಟಿದ್ದಾರೆ.

ಜಾತಕವನ್ನು ತಾರೀಖಿಗೆ ಇಳಿಸುವಾಗ ಇನ್ನೊಂದು ಎಚ್ಚರ ಬೇಕು. ಪಂಚಾಂಗದ ದಿನವು ಸೂರ್ಯೋದಯದಿಂದ ಆರಂಭವಾಗುತ್ತದೆ. ಕ್ಯಾಲೆಂಡರಿನ ದಿನವು ನಡುರಾತ್ರಿಯಿಂದ. ಬೆಳಗಿನ ಜಾವ ಮೂರು ಗಂಟೆಗೆ ಹುಟ್ಟಿದ ಮಗುವನ್ನು ಮನೆಯವರು ಭಾನುವಾರ ರಾತ್ರಿ ಹುಟ್ಟಿತೆನ್ನುತ್ತಾರೆ. ಆಸ್ಪತ್ರೆಯವರು ಸೋಮವಾರವೆಂದು ಬರೆಯುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಆದರೆ ಕಾಗದಗಳು ಒಂದಕ್ಕೊಂದು ಒಂದು ದಿನ ತಪ್ಪುತ್ತವೆ.

ಎಲ್ಲ ಕಾಗದಗಳೂ ಒಂದೇ ಎನ್ನುವಂತಿರಲಿ ಎಂದು ಶಾಲೆಯ ದಿನಾಂಕವನ್ನೇ ಹೊಸ ಪ್ರಮಾಣಪತ್ರದಲ್ಲಿಯೂ ಬರೆಯಿಸುವ ಆಸೆ ಸಹಜ. ಆದರೆ ದಂಡಾಧಿಕಾರಿಯ ಮುಂದೆ ಪ್ರಮಾಣ ಮಾಡಿ ಹೇಳಬೇಕಾದುದು ಹುಟ್ಟಿದ ದಿನವನ್ನು, ಅನುಕೂಲವಾದ ದಿನವನ್ನಲ್ಲ. ನಿಜವಾದ ದಿನವನ್ನು ಬರೆಯಿಸಿದರೆ ಶಾಲೆಯ ದಾಖಲೆಯೊಡನೆ ತಾಳೆಯಾಗದು. ಅದನ್ನು ಸರಿಪಡಿಸಲು ಸಿವಿಲ್ ನ್ಯಾಯಾಲಯದ ಮೆಟ್ಟಿಲನ್ನು ಹತ್ತಬೇಕಾದೀತು. ಆದುದರಿಂದಲೇ ಈ ಕೆಲಸವನ್ನು ಎಳೆಯ ವಯಸ್ಸಿನಲ್ಲಿ, ನೌಕರಿಗೆ ಸೇರುವ ಮೊದಲು, ಪಾಸ್‌ಪೋರ್ಟು ಮಾಡಿಸುವ ಮೊದಲು ಮಾಡಿಕೊಳ್ಳುವುದು ಲೇಸು. ನಲವತ್ತರ ಮೇಲೆ ಬಂದವರು ತಿಳಿದ ವಕೀಲರನ್ನು ವಿಚಾರಿಸಿ, ಅಂತರಕ್ಕೆ ಕಾರಣವನ್ನು ಅರ್ಜಿಯಲ್ಲಿಯೇ ಬಿಚ್ಚಿ ಹೇಳುವುದು ಕ್ಷೇಮ. ಮುಚ್ಚಿಟ್ಟ ಅಂತರವು ವಂಚನೆಯಂತೆ ಕಾಣುತ್ತದೆ; ಹೇಳಿಕೊಂಡ ಅಂತರವು ಕೇವಲ ಅಂತರವಾಗಿ ಉಳಿಯುತ್ತದೆ.

ಕಚೇರಿಯೇ ಜನರ ಬಳಿಗೆ ಬರಲಿ

ಇಷ್ಟನ್ನು ಒಬ್ಬೊಬ್ಬರೇ ಪ್ರತ್ಯೇಕವಾಗಿ ಹೆಣಗಿ ಸಾಧಿಸಬೇಕೆಂಬುದೇನು? ಕರ್ನಾಟಕದಲ್ಲಿ ಕಂದಾಯ ಅದಾಲತ್, ಪಿಂಚಣಿ ಅದಾಲತ್‌ಗಳನ್ನು ನಡೆಸಿದ ಪರಿಪಾಠವಿದೆ. ಅದೇ ಮಾದರಿಯಲ್ಲಿ ಹೋಬಳಿಗೊಂದು ಜನನ ನೋಂದಣಿಯ ಅದಾಲತ್ ನಡೆಯಬಹುದಲ್ಲ! ದಾಖಲೆ ಹುಡುಕುವ ಗುಮಾಸ್ತ, ಸಾಕ್ಷಿಯನ್ನು ಕೇಳುವ ಅಧಿಕಾರಿ, ಆಜ್ಞೆಯನ್ನು ಬರೆಯುವ ದಂಡಾಧಿಕಾರಿ ಒಂದೇ ಚಪ್ಪರದ ಕೆಳಗೆ ಕುಳಿತರೆ ನಾಲ್ಕು ಪ್ರಯಾಣಗಳ ಕೆಲಸವು ಒಂದೇ ಹಗಲಿನಲ್ಲಿ ಮುಗಿಯುತ್ತದೆ. ಕಾರ್ಖಾನೆಗಳಲ್ಲಿ, ಸಿದ್ಧ ಉಡುಪಿನ ಗಿರಣಿಗಳಲ್ಲಿ, ಕಾಲೇಜುಗಳ ಕೊನೆಯ ವರ್ಷದ ತರಗತಿಗಳಲ್ಲಿ ಅರ್ಜಿಗಳನ್ನು ತುಂಬಿಸಿ ತರಬಹುದು. ಸಂಬಳ ಕತ್ತರಿಸದೆ ಒಂದು ದಿನದ ರಜೆ ಕೊಟ್ಟರೆ ಮಾಲೀಕರು ಬಡವರಾಗಲಾರರು. ನಾಳೆ ಭವಿಷ್ಯನಿಧಿಯ ತಕರಾರುಗಳು ಅವರಿಗೂ ತಪ್ಪುತ್ತವೆ.

ಎಲ್ಲಕ್ಕಿಂತ ಮೊದಲು ಆಗಬೇಕಾದುದು ಹಳೆಯ ಪುಸ್ತಕಗಳ ರಕ್ಷಣೆ. ಹೊಸ ಜನನಗಳು 'ಇ-ಜನ್ಮ' ಎಂಬ ಗಣಕ ವ್ಯವಸ್ಥೆಯಲ್ಲಿ ಭದ್ರವಾಗಿ ಕುಳಿತಿವೆ. ದಾಖಲೆ ಕೊಠಡಿಯ ಕಪಾಟಿನಲ್ಲಿರುವ ಹಳೆಯ ಹಾಳೆಗಳಿಗೆ ಗೆದ್ದಲಿನ, ಮಳೆಯ ನೀರಿನ ಭಯ ತಪ್ಪಿದ್ದಲ್ಲ. ಒಂದು ಹಾಳೆ ನಾಶವಾದರೆ ಒಂದು ಹಳ್ಳಿಯ ಒಂದು ತಿಂಗಳ ಹುಟ್ಟುಗಳೇ ನಾಶವಾದಂತೆ. ಅವುಗಳ ಛಾಯಾಪ್ರತಿ ತೆಗೆದು, ತಾಯಿಯ ಹೆಸರು ಮತ್ತು ಊರಿನ ಹೆಸರಿನಿಂದ ಹುಡುಕಲು ಬರುವಂತೆ ಜೋಡಿಸಿದರೆ, ದಂಡಾಧಿಕಾರಿಯ ಬಳಿಗೆ ಹೋಗುವ ಅಗತ್ಯವೇ ಎಷ್ಟೋ ಮಂದಿಗೆ ತಪ್ಪೀತು.

ಸಾಕ್ಷಿಗಳು ಇರುವಾಗಲೇ

ದಾಖಲೆಯಿಲ್ಲದ ಹುಟ್ಟಿಗೆ ಮನುಷ್ಯರೇ ದಾಖಲೆ. ಹೆತ್ತ ತಾಯಿ, ಬಿಸಿನೀರು ಕಾಯಿಸಿಕೊಟ್ಟ ಅತ್ತಿಗೆ, ಹೊಕ್ಕುಳು ಕತ್ತರಿಸಿದ ಸೂಲಗಿತ್ತಿ, ಸುದ್ದಿ ಕೇಳಿ ಸಕ್ಕರೆ ಹಂಚಿದ ನೆರೆಯವನು ಇವರೇ ಆ ದಿನವನ್ನು ಕಂಡವರು. ಅವರ ನೆನಪು ಯಾವ ಕಪಾಟಿನಲ್ಲಿಯೂ ಭದ್ರವಾಗಿಲ್ಲ. ಅರ್ಜಿಯನ್ನು ಮುಂದಿನ ವರ್ಷ ಹಾಕಿದರೂ ಕಾನೂನು ಸ್ವೀಕರಿಸುತ್ತದೆ. ದಂಡಾಧಿಕಾರಿಗೆ ಅರ್ಜಿ ಕೊಡಲು ವಯಸ್ಸಿನ ಮಿತಿಯಿಲ್ಲ. ಮಿತಿ ಇರುವುದು ಸಾಕ್ಷಿಗಳ ಆಯುಸ್ಸಿಗೆ. ಎಪ್ಪತ್ತೈದರ ತಾಯಿ ಇಂದು ಎಲೆಯಡಿಕೆ ಹಾಕಿಕೊಳ್ಳುತ್ತ ಕಣ್ಣಿಗೆ ಕಟ್ಟುವಂತೆ ಹೇಳುವ ಆ ರಾತ್ರಿಯ ಕಥೆಯನ್ನು ಇನ್ನೈದು ವರ್ಷದ ಮೇಲೆ ಹೇಳಬಲ್ಲಳೆಂಬ ಭರವಸೆ ಯಾರು ಕೊಟ್ಟಾರು?

ಬಿಡುವಿರುವ ಒಂದು ಸಂಜೆ ಮನೆಯ ಹಿರಿಯರನ್ನು ಕುಳ್ಳಿರಿಸಿಕೊಂಡು ಮನೆಮಂದಿಯ ಒಬ್ಬೊಬ್ಬರ ಹುಟ್ಟಿನ ವಿವರವನ್ನು ಕೇಳಿ ಬರೆದುಕೊಳ್ಳಬಹುದು. ಯಾವ ಊರು, ಯಾರ ಮನೆ, ಯಾವ ಹಬ್ಬದ ಹಿಂದುಮುಂದು, ಯಾವ ವಾರ, ಹಗಲೋ ಇರುಳೋ, ಹೆರಿಗೆ ಮಾಡಿಸಿದವರು ಯಾರು, ನೋಡಿದವರಲ್ಲಿ ಬದುಕಿರುವವರು ಯಾರು. ಇದಕ್ಕೆ ವಕೀಲರೂ ಬೇಡ, ಶುಲ್ಕವೂ ಬೇಡ. ಮರುದಿನ ಕಚೇರಿಯಲ್ಲಿ ತುಂಬುವ ಅರ್ಜಿಗೆ ಬೇಕಾದ ಸಂಗತಿಗಳೆಲ್ಲ ಆ ಒಂದು ಹಾಳೆಯಲ್ಲಿರುತ್ತವೆ. ಮುಖ್ಯವಾಗಿ ಮಕ್ಕಳು ಅಂದು ಹತ್ತಿರ ಕುಳಿತಿರಲಿ. ತಂದೆ ಹುಟ್ಟಿದ ರಾತ್ರಿಯ ಕಥೆಯನ್ನು ಅಜ್ಜಿಯ ಬಾಯಿಂದಲೇ ಕೇಳುವ ಭಾಗ್ಯವು ಯಾವ ಕಚೇರಿಯ ನಕಲಿನಲ್ಲಿಯೂ ದೊರೆಯುವುದಿಲ್ಲ.